ಕೊಟ್ರವ್ವ ಹೇಳಿದ ಬಣ್ಣ

ನಮ್ಮೂರಲ್ಲಿ ಮನೆ ಕಟ್ಟುವವನು ಬಾಗಿಲು ಯಾವ ದಿಕ್ಕಿಗಿರಬೇಕು, ಒಲೆ ಯಾವ ಮೂಲೆಗಿರಬೇಕು, ನೀರಿನ ತೊಟ್ಟಿ ಎಷ್ಟು ಆಳವಿರಬೇಕು ಎಂಬುದನ್ನೆಲ್ಲ ತಾನೇ ನಿರ್ಧರಿಸಬಹುದು. ಮುಂದಿನ ಗೋಡೆಯ ಬಣ್ಣವನ್ನು ಮಾತ್ರ ಎದುರು ಮನೆಯವರು ಹೇಳಬೇಕು. ದಿನ ಬೆಳಗಾದರೆ ಅದನ್ನು ನೋಡುವವರು ಅವರು. ಒಳಗೆ ಕೂತು ಉಣ್ಣುವವನಿಗೆ ತನ್ನ ಮನೆಯ ಮುಖ ಎಲ್ಲಿ ಕಾಣುತ್ತದೆ?

ಹೊರಗಿನವರು ಬಂದರೆ ನಮ್ಮ ಓಣಿಗಳಲ್ಲಿ ನಿಂತು ನಗುತ್ತಾರೆ. ಶಾಲೆಯ ಎದುರಿಗಿರುವ ಮನೆಗೆ ಏಳು ಬಣ್ಣ, ಏಕೆಂದರೆ ಏಳು ತರಗತಿಯ ಮಕ್ಕಳು ಒಂದೊಂದು ಹೇಳಿದರು. ಬಸ್ ನಿಲ್ದಾಣದ ಎದುರಿನ ಮನೆಗೆ ಆ ಹೊತ್ತು ಬಸ್ಸಿಗೆ ಕಾಯುತ್ತಿದ್ದವರನ್ನೇ ಕೇಳಬೇಕಾಯಿತು. ಬಸ್ಸು ತಡವಾಗಿ ಬಂದದ್ದರಿಂದ ಆ ಗೋಡೆಯ ಮೇಲೆ ಹನ್ನೊಂದು ಬಣ್ಣ ಕೂತಿವೆ. ಊರ ಕೊನೆಯ ಮನೆಯ ಎದುರಿಗೆ ಬರೀ ಕೆರೆ. ಅಲ್ಲಿ ಎಮ್ಮೆ ಮೈ ತೊಳೆಯುವವರನ್ನು ಕೇಳಿದಾಗ, 'ಕೆಸರಿನ ಬಣ್ಣ ಹಚ್ಚಿಬಿಡ್ರಿ, ಎಮ್ಮಿ ಬಂದು ಒರಸಿಕೊಂಡ್ರೂ ಗೊತ್ತಾಗಬಾರದು' ಎಂದರಂತೆ. ಹಾಗೇ ಹಚ್ಚಿದರು. ಎಮ್ಮೆಗಳು ಬಂದು ಒರಸಿಕೊಳ್ಳುತ್ತವೆ, ಗೊತ್ತಾಗುವುದಿಲ್ಲ.

ಬಣ್ಣ ಕೇಳುವುದಕ್ಕೆ ಒಂದು ಕ್ರಮವಿದೆ. ಮೊರದಲ್ಲಿ ಎಲೆ ಅಡಿಕೆ, ಬೆಲ್ಲ ಇಟ್ಟುಕೊಂಡು ಎದುರು ಮನೆಗೆ ಹೋಗಬೇಕು. ಅವರು ದಿನಾ ಕೂರುವ ಜಾಗದಲ್ಲೇ ಕೂತು ಒಂದು ಬಣ್ಣದ ಹೆಸರು ಹೇಳುತ್ತಾರೆ. ಯಾಕೆ ಎಂದು ಕೇಳುವಂತಿಲ್ಲ, ಬೇರೆ ಹೇಳಿ ಎನ್ನುವಂತಿಲ್ಲ. ಬಣ್ಣ ಮಾಸಿದರೆ ಅದನ್ನೇ ಮತ್ತೆ ಬಳಿಯಬೇಕು. ಗೋಡೆ ಹೊಸದಾದರೆ ಮಾತ್ರ ಹೊಸ ಮಾತು. ಹೇಳುವವರಿಗೆ ಇರುವ ಕಟ್ಟಳೆ ಒಂದೇ: ಅವರಿಗೆ ಕಣ್ಣು ಕಾಣಬೇಕು. ಕಾಣದಿದ್ದರೆ ಬಣ್ಣ ಹೇಳುವ ಹಕ್ಕು ಅವರ ಪಕ್ಕದ ಮನೆಗೆ ಹೋಗುತ್ತದೆ.

ನಾನು ಈ ಊರಿನ ಹಿಟ್ಟಿನ ಗಿರಣಿಯವನು, ದೇವೇಂದ್ರಪ್ಪ. ನನ್ನ ಎದುರು ಮನೆ ಕೊಟ್ರವ್ವನದು. ಎಪ್ಪತ್ತು ದಾಟಿದ ಮುದುಕಿ, ಕೌದಿ ಹೊಲಿಯುವವಳು. ಹಳೆ ಸೀರೆ, ಹಳೆ ಧೋತರ, ಲಂಗದ ತುಂಡು ಎಲ್ಲ ಸೇರಿಸಿ ಅವಳು ಹೊಲಿದ ಕೌದಿಯ ಮೇಲೆ ಮಲಗದ ಕೂಸು ನಮ್ಮ ಓಣಿಯಲ್ಲಿಲ್ಲ. ಅವಳ ಗೋಡೆ ಬದನೆಕಾಯಿ ಬಣ್ಣದ್ದು. ಅದನ್ನು ಹೇಳಿದವನು ನಾನೇ. ಹದಿನೆಂಟು ವರ್ಷದ ಹಿಂದೆ, ನನ್ನ ಗಿರಣಿಯ ಧೂಳು ಅವಳ ಒಣಹಾಕಿದ ಕೌದಿಗಳ ಮೇಲೆ ಕೂತಿತೆಂದು ಅವಳು ಬೀದಿಯಲ್ಲಿ ನಿಂತು ಬೈದ ವಾರದಲ್ಲೇ ಅವಳ ಗೋಡೆ ಹೊಸದಾಗಿ, ಮೊರ ನನ್ನ ಮುಂದೆ ಬಂತು. ನನಗಾಗ ಮೂವತ್ತು ವರ್ಷ, ಸಿಟ್ಟು ಮೂಗಿನ ತುದಿಯಲ್ಲಿ. 'ಬದನಿಕಾಯಿ' ಎಂದೆ. ಅವಳು ಬೆಲ್ಲ ಕೈಗಿಟ್ಟು ಹೋದಳು. ಆಮೇಲೆ ಅವಳು ಒಳಗೆ ಕೂತು ರೊಟ್ಟಿ ತಿಂದಳು, ನಾನು ಹದಿನೆಂಟು ವರ್ಷ ಬದನೆಕಾಯಿ ನೋಡಿದೆ. ಸಿಟ್ಟಿನಲ್ಲಿ ಬಣ್ಣ ಹೇಳುವವನಿಗೆ ನಮ್ಮೂರಲ್ಲಿ ಬೇರೆ ಶಿಕ್ಷೆ ಬೇಕಾಗಿಲ್ಲ.

ಹೋದ ವರ್ಷ ನನ್ನ ಹಳೆ ಮಣ್ಣಿನ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಎಬ್ಬಿಸಿದೆ. ಪಟ್ಟಣದ ಇಂಜಿನಿಯರ್ ಬಂದು ನಕ್ಷೆ ಹಾಕಿದ. ಈಗಿನ ಕಾಲದ ಮನೆ: ಮುಂದೆ ಸಪಾಟು ಗೋಡೆ, ಮಾಳಿಗೆಗೆ ಉಕ್ಕಿನ ಕಂಬಿ, ಆಳೆತ್ತರದ ಗಾಜಿನ ಕಿಟಕಿ. ಕಟ್ಟುವಷ್ಟು ದಿನ ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದೆವು, ಆದರೂ ಸಂಜೆ ಗಿರಣಿಯಿಂದ ಬರುವಾಗ ನಾನು ಕೆಲಸ ನೋಡಿಯೇ ಹೋಗುತ್ತಿದ್ದೆ. ಗಿಲಾವು ಮುಗಿದು, ಅದರ ಮೇಲೆ ನುಣುಪಿಗೆ ಬಿಳಿ ಲಪ್ಪ ಎಳೆದು, ಗೋಡೆ ಹಾಲಿನ ಹಾಗೆ ನಿಂತಾಗ ನನ್ನ ಹೆಂಡತಿ ಅನಸವ್ವ ಅದರ ಮುಂದೆ ಒಂದು ತಾಸು ನಿಂತಿದ್ದಳು. 'ಇದಕ್ಕ ಕೆನಿ ಬಣ್ಣ ಬಂದುಬಿಟ್ರ ಸಾಕು' ಎಂದಳು. 'ಕೊಟ್ರವ್ವ ಬಣ್ಣ ಬಲ್ಲಾಕಿ. ಛಲೋದ್ದೇ ಹೇಳ್ತಾಳ.'

ಮೊರ ಹಿಡಿದು ಹೋದೆವು. ಸಾಕ್ಷಿಗೆ ಪೇಂಟರ್ ಇಮಾಮಸಾಬ ಬಂದ. ಕೊಟ್ರವ್ವನ ಪಕ್ಕದ ಮನೆಯ ಬಸಲಿಂಗಪ್ಪ ಮಾಸ್ತರರೂ ಬಂದರು. ನಿವೃತ್ತರಾಗಿ ಆರು ವರ್ಷವಾದರೂ ಕೈಯಲ್ಲಿ ಸೀಮೆಸುಣ್ಣ ಹಿಡಿದಂತೆ ಬೆರಳು ಕೂಡಿಸಿಕೊಂಡೇ ಮಾತಾಡುವ ಮನುಷ್ಯ. ಕೊಟ್ರವ್ವ ತನ್ನ ಕಟ್ಟೆಯ ಮೇಲೆ, ಕಂಬಕ್ಕೆ ಒರಗಿ, ಮಡಿಲಲ್ಲಿ ಅರ್ಧ ಹೊಲಿದ ಕೌದಿ ಇಟ್ಟುಕೊಂಡು ಕೂತಿದ್ದಳು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಚೀಪಿ, ನಿಧಾನವಾಗಿ, 'ಕಪ್ಪು' ಎಂದಳು.

ಇಮಾಮಸಾಬ ಕಿವಿಯ ಮೇಲಿದ್ದ ಬೀಡಿ ತೆಗೆದು ಮತ್ತೆ ಅಲ್ಲೇ ಇಟ್ಟ. ಮಾಸ್ತರರು, 'ಯಾವ ಕಪ್ಪು?' ಎಂದರು. 'ಕಪ್ಪಿನಾಗ ಎಷ್ಟು ಕಪ್ಪು ಅದಾವ್ರಿ ಮಾಸ್ತರ? ಕರೀದು. ಮ್ಯಾಲಿಂದ ಕೆಳತನಕ' ಎಂದಳು ಕೊಟ್ರವ್ವ. ಅಲ್ಲಿಗೆ ಮಾತು ಮುಗಿಯಿತು.

ಮನೆಗೆ ಬಂದ ಮೇಲೆ ಅನಸವ್ವನದು ಮುಗಿಯಲಿಲ್ಲ. 'ಹಂಚಿನ ತಳದಂಥಾ ಮನಿಯೊಳಗ ನಾ ಹಾಲು ಉಕ್ಕಸಾಕಿ ಅಲ್ಲ. ಗುರುವಾರ ನೀವೊಬ್ರೇ ಹೋಗ್ರಿ ಗೃಹಪ್ರವೇಶಕ್ಕ. ಬದನಿಕಾಯಿಗೆ ಸೇಡು ಇದು. ಹದಿನೆಂಟು ವರ್ಷ ಹೊಟ್ಯಾಗ ಇಟಗೊಂಡು ಕುಂತಿದ್ಲು.' 'ಸೇಡಿಗೆ ಯಾರಾದ್ರೂ ಕಪ್ಪು ಹೇಳ್ತಾರೇನ? ನೋಡಬೇಕಾದಾಕಿ ಆಕೀನ' ಎಂದೆ. 'ನೀವು ಹೇಳಲಿಲ್ಲೇನ ಬದನಿಕಾಯಿ?' ಎಂದಳು.

ಇಮಾಮಸಾಬ ಸಮಾಧಾನ ಹೇಳಲು ನೋಡಿದ. ಮೊಬೈಲಿನಲ್ಲಿ ಪಟ್ಟಣದ ಮನೆಗಳನ್ನು ತೋರಿಸಿದ. ಕಾಡಿಗೆ ಕಪ್ಪಿನ ಮನೆಗಳು, ಕಪ್ಪಿಗೆ ಕಟ್ಟಿಗೆಯ ಪಟ್ಟಿ ಹೊಡೆದವು, ಒಂದು ಮಗ್ಗುಲು ಹಳದಿ ಒಂದು ಮಗ್ಗುಲು ಕಪ್ಪು ಇದ್ದವು. 'ಅಕ್ಕಾ, ದೊಡ್ಡ ದೊಡ್ಡವರು ಈಗ ಇದನ್ನ ಹಚ್ಚಸ್ತಾರ. ಫ್ಯಾಶನ್ನು.' ಅನಸವ್ವ ಒಂದೊಂದನ್ನೂ ನೋಡಿ, 'ಇವರಿಗೂ ಎದುರು ಮನ್ಯಾಗ ಕೊಟ್ರವ್ವ ಅದಾಳೇನು ಕೇಳು' ಎಂದು ಒಳಗೆ ಹೋದಳು. ಆದರೂ ಅವನು ಮಾದರಿಗೆಂದು ಹೊಸ ಮನೆಯ ಬಾಗಿಲ ಎಡಕ್ಕೆ, ಒಬ್ಬ ಮನುಷ್ಯನಷ್ಟು ಎತ್ತರ ಅಗಲಕ್ಕೆ, ಒಂದು ಪಟ್ಟಿ ಕಪ್ಪು ಬಳಿದು ಹೋದ. ಹಾಲಿನಂಥ ಗೋಡೆಯಲ್ಲಿ ಅದು ತೆರೆದ ಬಾಗಿಲಿನಂತೆ ಕಾಣುತ್ತಿತ್ತು.

ಮರುದಿನ ಸಂಜೆ ಗಿರಣಿ ಮುಚ್ಚಿ ಹೊಸ ಮನೆಯ ಕಡೆಯಿಂದಲೇ ಬಂದೆ. ನಾನು ಗಿರಣಿಯಿಂದ ಬರುವಾಗ ತಲೆಗೂದಲಿಂದ ಹಿಮ್ಮಡಿಯವರೆಗೆ ಹಿಟ್ಟು. ಹುಬ್ಬು, ಕಿವಿಯ ಸಂದು, ಅಂಗಿಯ ಮಡಿಕೆ, ಎಲ್ಲ ಬಿಳಿ. ಕೆಲಸ ಎಷ್ಟಾಗಿದೆ ನೋಡೋಣವೆಂದು ಕೊಟ್ರವ್ವನ ಕಟ್ಟೆಯ ಕಡೆ ಮಗ್ಗುಲಾಗಿ, ನನ್ನ ಬಿಳಿ ಗೋಡೆಯ ಎದುರು ಓಣಿಯ ನಡುವೆ ನಿಂತೆ. ಕೊಟ್ರವ್ವ ಅಕ್ಕಿ ತೊಳೆದ ನೀರಿನ ಪಾತ್ರೆ ಹಿಡಿದು ಹೊರಗೆ ಬಂದಳು, ಒಮ್ಮೆ ಓಣಿಯತ್ತ ನೋಡಿದಳು, ಬೀಸಿ ಚೆಲ್ಲಿದಳು. ಪೂರಾ ನನ್ನ ಮೇಲೆ. ಹಿಟ್ಟಿಗೆ ನೀರು ಬಿದ್ದು ನಾನು ಕಲಸಿಟ್ಟ ಕಣಕವಾದೆ. 'ಯವ್ವಾ!' ಎಂದು ಕೂಗಿಕೊಂಡೆ.

ಒಂದು ಗಳಿಗೆ ಅವಳು ಬೆದರಿದಳು. ಆಮೇಲೆ ದನಿ ಏರಿಸಿ, 'ಹದಿನೆಂಟು ವರ್ಷ ಧೂಳ ಕುಡಿಸಿದಿ, ಇವತ್ತರೆ ತೊಳದೇನಿ. ಹೋಗು, ಮನಿಗೆ ಹೋಗಿ ಹಂಚಿನ ಮ್ಯಾಲ ಕೂಡು, ರೊಟ್ಟಿ ಆಗ್ತಿ' ಎಂದಳು. ಓಣಿಯವರು ನಕ್ಕರು. ನಾನೂ ನಕ್ಕೆ. ಆದರೆ ಒರೆಸಿಕೊಳ್ಳುತ್ತ ನಡೆಯುವಾಗ, ಬಣ್ಣ ಕೇಳಿದ ದಿನ ಅವಳ ಮಡಿಲಲ್ಲಿ ಕಂಡ ಕೌದಿ ನೆನಪಾಯಿತು. ಹಸಿರು ತುಂಡಿನ ಮೇಲೆ ಹಸಿರು, ಅದರ ಮೇಲೆ ಇನ್ನೊಂದು ಹಸಿರು ಕೂತಿತ್ತು. ಕೊಟ್ರವ್ವ ಯಾವತ್ತೂ ಹಾಗೆ ಹೊಲಿದವಳಲ್ಲ.

ಅದರ ಮರುಸಂಜೆ ಬೇಕೆಂದೇ ಹೋದೆ. ಮೊದಲು ಬಿಳಿ ಗೋಡೆಯ ಮುಂದೆ ಸದ್ದಿಲ್ಲದೆ ನಿಂತೆ. ಅವಳು ಕಟ್ಟೆಯ ಮೇಲಿದ್ದಳು, ಮುಖ ನನ್ನ ಕಡೆಗೇ ಇತ್ತು. ಕತ್ತು ಮುಂದೆ ಚಾಚಿ ಓಣಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ನಾನು ನಾಲ್ಕು ಹೆಜ್ಜೆ ಸರಿದು ಇಮಾಮಸಾಬನ ಕರಿ ಪಟ್ಟಿಯ ಮುಂದೆ ನಿಂತೆ.

'ಬಂದ್ಯಾ ದೇವಪ್ಪ?' ಎಂದಳು ಕೊಟ್ರವ್ವ, ತಟ್ಟನೆ. 'ಯಾಕ ಇವತ್ತ ಹೊತ್ತ ಮಾಡಿದಿ? ನೀ ಬಂದೀ ಅಂದ್ರ ನನಗ ದೀಪ ಹಚ್ಚೂ ಹೊತ್ತು.' ಸೂಜಿಯನ್ನು ಕೌದಿಗೆ ಚುಚ್ಚಿ, ಮಡಚಿ, ಕಂಬ ಹಿಡಿದು ಎದ್ದಳು. ಅವಳ ಮುಖದ ಮೇಲೆ ಅಂಥ ಸಮಾಧಾನವಿತ್ತು, ಕಳೆದುಹೋದ ಆಕಳು ತಾನಾಗಿ ಹಟ್ಟಿಗೆ ಬಂದಂತೆ.

ನನಗೆಲ್ಲ ಗೊತ್ತಾಯಿತು. ಅವಳ ಕಣ್ಣಿಗೆ ಉಳಿದಿದ್ದದ್ದು ಇಷ್ಟೇ: ಕಪ್ಪಿನ ಮೇಲಿನ ಬಿಳಿ. ನನ್ನ ಹಳೆ ಮನೆಯ ಗೋಡೆ ಹೊಗೆ ಹಿಡಿದು ಕರಿ ಮಣ್ಣಾಗಿತ್ತು, ಅದರ ಮುಂದೆ ನಾನು ದಿನಾ ಕಾಣುತ್ತಿದ್ದೆ. ಬಿಳಿ ಲಪ್ಪ ಬಂದ ದಿನದಿಂದ ಅಳಿಸಿಹೋಗಿದ್ದೆ. ಕಾರಣ ಹೇಳಿದರೆ ಕಣ್ಣಿಲ್ಲವೆಂದಾಗುತ್ತದೆ, ಕಣ್ಣಿಲ್ಲವೆಂದರೆ ಹಕ್ಕು ಮಾಸ್ತರರಿಗೆ ಹೋಗುತ್ತದೆ. ಕಾರಣ ಕೇಳದ ಕಟ್ಟಳೆಯ ಮರೆಯಲ್ಲಿ ಮುದುಕಿ ಕೂತಿದ್ದಳು. ನಾನು ಒಂದು ಮಾತು ಆಡಿದರೆ ನನ್ನ ಹೆಂಡತಿಗೆ ಕೆನೆ ಬಣ್ಣದ ಮನೆ ಸಿಗುತ್ತಿತ್ತು. ಆಡಲಿಲ್ಲ. ಬದನೆಕಾಯಿಯ ಬಾಕಿ ಇತ್ತೆಂದೇ ಇಟ್ಟುಕೊಳ್ಳಿ.

ಆದರೆ ಮಾಸ್ತರರು ಆಡಿದರು. ಕೊಟ್ರವ್ವ ಎರಡು ಸಲ ಎದುರಾದರೂ ತಮ್ಮನ್ನು ಮಾತಾಡಿಸಲಿಲ್ಲವೆಂದು ಅವರಿಗೆ ಅನುಮಾನ ಬಂದಿತ್ತು. ಶನಿವಾರ ಬಾಡಿಗೆ ಮನೆಗೇ ಬಂದು, 'ಮುದುಕಿಗೆ ಕಣ್ಣು ಮಂಜಾಗ್ಯಾವ. ನಿಯಮ ನಿಯಮ. ಹಕ್ಕು ನನಗ ಬಂದ್ರ ನಾ ಏನ ಹೇಳ್ತೀನಿ ಗೊತ್ತದ ಅಲ್ಲ?' ಎಂದು ಅನಸವ್ವನನ್ನು ನೋಡಿ ನಕ್ಕರು. ಅನಸವ್ವನ ಮುಖ ಅರಳಿತು. ಮೂರು ದಿನದಿಂದ ಒಣಗಿಹೋಗಿದ್ದ ಮುಖ. 'ಪರೀಕ್ಷಾ ಮಾಡಿಬಿಡ್ರಿ ಮಾಸ್ತರ' ಎಂದಳು. 'ಯಾಕ ಬೇಕು, ವಯಸ್ಸಾದಾಕಿ' ಎಂದೆ. 'ನಿಮಗ್ಯಾಕ ಅಷ್ಟು ಕಳಕಳಿ?' ಎಂದು ಅನಸವ್ವ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು.

ಭಾನುವಾರ ಬೆಳಿಗ್ಗೆ ಓಣಿಯಲ್ಲಿ ಇಪ್ಪತ್ತು ಮಂದಿ ಸೇರಿದರು. ಕೊಟ್ರವ್ವ ಕಂಬಕ್ಕೆ ಒರಗಿ ಕೂತಳು. ಅವಳ ಸೆರಗಿನ ತುದಿ ಬೆರಳಲ್ಲಿ ಸುತ್ತಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು. 'ಎದುರು ಗ್ವಾಡಿ ಮುಂದ ಒಬ್ಬರನ್ನ ನಿಂದ್ರಸ್ತೀವಿ. ಯಾರಂತ ಹೇಳಬೇಕು, ಅಷ್ಟ' ಎಂದರು ಮಾಸ್ತರರು. ನಾನು ಬೆಳಿಗ್ಗೆಯೇ ಗಿರಣಿಗೆ ಹೋಗಿ ಒಂದು ಚೀಲ ಗೋಧಿ ಬೀಸಿ, ಹಿಟ್ಟು ಕೊಡವದೆ ಬಂದಿದ್ದೆ. 'ನಾ ನಿಂದರ್ತೀನಿ' ಎಂದು ಕರಿ ಪಟ್ಟಿಯ ಕಡೆ ಹೆಜ್ಜೆ ಇಟ್ಟೆ. ಮಾಸ್ತರರು ಭುಜ ಹಿಡಿದರು. ಕೈಗೆ ಹತ್ತಿದ ಹಿಟ್ಟು ನೋಡಿಕೊಂಡು, 'ನೀ ಬ್ಯಾಡ. ನಿನ್ನ ವಾಸನಿ ಮೂರ ಮನಿ ಆಚೆ ಬರ್ತದ. ಅನಸವ್ವ ನಿಂದರಲಿ' ಎಂದರು.

ಅನಸವ್ವ ಅಂದು ಕಡುಹಸಿರು ಸೀರೆ ಉಟ್ಟಿದ್ದಳು. ಕಪ್ಪಿನ ಮುಂದೆ ನಿಂತರೂ ಕಾಣುವ ಸೀರೆಯಲ್ಲ. ಅವಳು ಹೋಗಿ ಕರಿ ಪಟ್ಟಿಗೆ ಬೆನ್ನು ಮಾಡಿ, ಕೈಕಟ್ಟಿ, ತುಟಿ ಬಿಗಿದು ನಿಂತಳು. ಕೊಟ್ರವ್ವ ಕತ್ತು ಚಾಚಿದಳು. ಹಣೆಯ ಮೇಲೆ ಕೈ ಮರೆ ಮಾಡಿದಳು. ಅವಳ ನೋಟ ಅನಸವ್ವನನ್ನು ದಾಟಿ ಬಲಕ್ಕೆ ಎರಡು ಮಾರು ದೂರದ ಖಾಲಿ ಗೋಡೆಗೆ ಹೋಯಿತು, ಅಲ್ಲಿ ನಿಂತಿತು. ಆ ಖಾಲಿ ಗೋಡೆಗೆ ಅವಳು ಸಣ್ಣಗೆ ನಕ್ಕಳು, ಅಲ್ಲಿ ಯಾರೋ ಇದ್ದರೆ ಬೇಸರವಾಗಬಾರದು ಎನ್ನುವ ಹಾಗೆ. ಮಾಸ್ತರರು ಗಂಟಲು ಸರಿಮಾಡಿಕೊಂಡರು. ನಾನು ನೆಲ ನೋಡಿದೆ.

ಆಗ ಅನಸವ್ವ ಕೆಮ್ಮಿದಳು.

ದೊಡ್ಡ ಕೆಮ್ಮಲ್ಲ. ಗಂಟಲಲ್ಲಿ ಜೋಳದ ಸಿಪ್ಪೆ ಸಿಕ್ಕಂತೆ ಎರಡು ಸಲ. ಆ ವರ್ಷವೆಲ್ಲ ನನ್ನ ಹೆಂಡತಿ ಕೆಮ್ಮಿದ್ದನ್ನು ನಾನು ಕೇಳಿರಲಿಲ್ಲ.

'ಅನಸವ್ವ ಅಲ್ಲೇನ?' ಎಂದಳು ಕೊಟ್ರವ್ವ. ನೋಟ ನಿಧಾನವಾಗಿ ಖಾಲಿ ಗೋಡೆ ಬಿಟ್ಟು ಅವಳ ಕಡೆ ತಿರುಗಿತು. 'ನಿಮ್ಮ ಪರೀಕ್ಷಾ ಏನ್ರಿ ಮಾಸ್ತರ, ಒಂದನೇ ಕ್ಲಾಸಿಂದು ಇದ್ದಂಗ ಐತಿ.' ಮಾಸ್ತರರು ಬಿಡಲಿಲ್ಲ. 'ಕೆಮ್ಮಿದ್ರ ಯಾರಾದ್ರೂ ಹೇಳ್ತಾರ. ಉಟ್ಟ ಸೀರಿ ಯಾವ ಬಣ್ಣದ್ದು ಹೇಳು.'

ಕೊಟ್ರವ್ವ ಸೆರಗಿನ ತುದಿ ಬಿಟ್ಟಳು. ಎರಡೂ ಕೈ ಮೊಳಕಾಲ ಮೇಲೆ ಊರಿದಳು. 'ಅಲ್ರಿ ಮಾಸ್ತರ, ಎದುರು ಮನಿ ಗ್ವಾಡಿ ಬಣ್ಣ ಹೇಳೂದು ನನ್ನ ಕೆಲಸ. ಎದುರು ಮನಿ ಹೆಣ್ಣಮಗಳು ಉಟ್ಟ ಸೀರಿ ಬಣ್ಣ ಊರ ಮಂದಿ ಮುಂದ ಹೇಳಂತೀರಿ. ನಿಮ್ಮ ವಯಸ್ಸೇನು, ನೀವು ಕೇಳೂದೇನು? ನಿಮ್ಮ ಹೆಂಡತಿಗೆ ಹೇಳ್ಲೇನು, ಮಾಸ್ತರು ಈಗ ಸೀರಿ ಲೆಕ್ಕ ಹಿಡದಾರಂತ?' ಓಣಿಗೆ ಓಣಿಯೇ ನಕ್ಕಿತು. ಇಮಾಮಸಾಬ ಏಣಿಯ ಮೇಲೆ ಕೂತವನು ಬಿದ್ದೇ ಬೀಳುತ್ತಿದ್ದ. ಮಾಸ್ತರರು ಕೆಂಪಾಗಿ, ಬೆರಳು ಕೂಡಿಸಿ ಏನೋ ಹೇಳಹೋಗಿ, ಕೊನೆಗೆ ತಾವೂ ನಕ್ಕು, 'ಆತು ಮಾರಾಯ್ತಿ, ಗೆದ್ದಿ' ಎಂದರು. ಅವರು ಕೆಟ್ಟವರಲ್ಲ. ನಿಯಮದವರು.

ಅನಸವ್ವ ಗೋಡೆ ಬಿಟ್ಟು ಬಂದಳು. ಇಮಾಮಸಾಬನ ಏಣಿಯ ಕೆಳಗೆ ನಿಂತು, 'ಏನ ನೋಡ್ತಿ? ಡಬ್ಬಿ ತೆಗಿ. ಗುರುವಾರದೊಳಗ ಒಣಗಬೇಕು' ಎಂದಳು.

ಊಟಕ್ಕೆ ಕೂತಾಗ ಕೇಳಿದೆ, 'ಕೆಮ್ಮು ಹೆಂಗೈತಿ?' ಅವಳು ರೊಟ್ಟಿಗೆ ಪಲ್ಯ ಹಚ್ಚುತ್ತ, 'ನಿಮ್ಮ ಹಿಟ್ಟಿನ ಧೂಳು' ಎಂದಳು. ತುತ್ತು ಮುರಿದು ತಾನೇ, 'ನಾ ಇಲ್ಲಿ ನಿಂತೀನಿ, ಆಕಿ ಅಲ್ಲಿ ನೋಡಿ ನಗ್ತಾಳ. ಹೆಂಗ ಸುಮ್ನ ನಿಂದರ್ಲಿ?' ಎಂದಳು. ಇನ್ನೊಂದು ತುತ್ತು ನುಂಗಿ, 'ನಿಮಗ ಮೊದಲ ಗೊತ್ತಿತ್ತು, ಹೌದಲ್ಲ? ಅದಕ್ಕ ಹಿಟ್ಟ ಬಳಕೊಂಡು ಬಂದಿದ್ರಿ' ಎಂದಳು. ನಾನು ಮಜ್ಜಿಗೆ ಬೇಡಿದೆ.

ಗುರುವಾರ ಕರಿ ಮನೆಯಲ್ಲಿ ಹಾಲು ಉಕ್ಕಿತು. ನೆಂಟರು ಬಂದು ಮೂಗಿನ ಮೇಲೆ ಬೆರಳಿಟ್ಟರು. ಅನಸವ್ವನ ಅಣ್ಣ, 'ಏನವಾ, ಮಳಿಗಾಲದ ಮೋಡ ತಂದು ನಿಲ್ಲಿಸೀದಿ' ಎಂದ. 'ಪಟ್ಟಣದಾಗ ದೊಡ್ಡವರೆಲ್ಲ ಇದನ್ನ ಹಚ್ಚಸ್ತಾರ, ನಿನಗ ಗೊತ್ತಿಲ್ಲ' ಎಂದು ಅವಳೇ ಅವನ ಬಾಯಿ ಮುಚ್ಚಿಸಿದಳು. ಕೊಟ್ರವ್ವ ಹಸಿರಿನ ಮೇಲೆ ಹಸಿರು ಕೂತ ಆ ಕೌದಿಯನ್ನು ಉಡುಗೊರೆ ತಂದಳು. ಅನಸವ್ವ ಅದನ್ನು ಕೈಯಲ್ಲಿ ಸವರಿ, 'ಭಾಳ ಛಂದ ಆಗೇತಿ ಯವ್ವ' ಎಂದು ನಡುಮನೆಯ ಮಂಚದ ಮೇಲೆ ಹಾಸಿದಳು. ಹೊಲಿಗೆ ಒಂದೂ ತಪ್ಪಿರಲಿಲ್ಲ. ಕಾಣದಿದ್ದರೂ ಬೆರಳಿಗೆ ಗೊತ್ತಿತ್ತು.

ಈಗ ಒಂಬತ್ತು ತಿಂಗಳಾಯಿತು. ಕಪ್ಪು ಮನೆಯಲ್ಲಿ ಬಿಸಿಲಿಗೆ ಸ್ವಲ್ಪ ಸೆಕೆ, ಇಲ್ಲವೆನ್ನುವುದಿಲ್ಲ. ನನ್ನ ಕೈ ತಾಗಿದಲ್ಲೆಲ್ಲ ಗೋಡೆಯ ಮೇಲೆ ಬಿಳಿ ಬೆರಳು ಮೂಡುತ್ತವೆ. ಮೊದಮೊದಲು ಅನಸವ್ವ ಒರೆಸುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ ಅಂಗಳದ ರಂಗೋಲಿ ಮುಗಿಸಿ, ಉಳಿದ ಹಿಟ್ಟನ್ನು ನೀರಲ್ಲಿ ಕಲಸಿ, ಗೋಡೆಯ ಬುಡಕ್ಕೂ ಒಂದು ಸಾಲು ಎಳೆದಳು. ಬಿಳಿ ಗೋಡೆಯಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಈಗ ಓಣಿಯ ಹೆಂಗಸರು ನಿಂತು ನೋಡುತ್ತಾರೆ. ಹಬ್ಬಕ್ಕೊಮ್ಮೆ ಆ ಸಾಲು ಒಂದು ಮೊಳ ಮೇಲೇರುತ್ತದೆ.

ಕೊಟ್ರವ್ವ ಕಟ್ಟೆಯ ಮೇಲೆ ಕೂತಿರುತ್ತಾಳೆ. ಬಿಳಿ ಆಕಳು ಹೋದರೆ, ಧೋತರದವರು ಹೋದರೆ, ಬಿಳಿ ಅಂಗಿಯ ಹಾಲಿನ ಸೈಕಲ್ಲಿನವನು ಹೋದರೆ ಹೆಸರು ಹಿಡಿದು ಕರೆಯುತ್ತಾಳೆ. ಸಂಜೆ ನಾನು ಗಿರಣಿಯಿಂದ ಬಂದು ಗೋಡೆಯ ಮುಂದೆ ಎರಡು ಗಳಿಗೆ ಹೆಚ್ಚೇ ನಿಲ್ಲುತ್ತೇನೆ. 'ಬಂದ್ಯಾ ದೇವಪ್ಪ?' 'ಬಂದೆ ಯವ್ವ.' ಆಮೇಲೆ ಅವಳ ದೀಪ.

ಮೊನ್ನೆ ಗಿರಣಿಯ ಮೋಟಾರು ಕೆಟ್ಟು ದಿನವೆಲ್ಲ ಕೆಲಸವಿಲ್ಲ. ಮೋಟಾರು ಬಿಚ್ಚಿದವನ ಜೊತೆ ಕೂತು, ಅಲ್ಲೇ ಕೈಕಾಲು ಮುಖ ತೊಳೆದು, ನೀಲಿ ಅಂಗಿ ಹಾಕಿಕೊಂಡು ಮನೆಗೆ ಬಂದೆ. ಕೊಟ್ರವ್ವನನ್ನು ಕೂಗಿ ಹೇಳುವುದು ಮರೆತು ಸೀದಾ ಒಳಗೆ ಬಂದು ಚಹಾ ಕುಡಿಯಲು ಕೂತೆ. ಹೊತ್ತು ಇಳಿಯಿತು. ಎದುರು ಮನೆ ಹಾಗೇ ಕತ್ತಲಾಗುತ್ತಿತ್ತು. ಅನಸವ್ವ ಕಿಟಕಿಯ ಗಾಜಿನಿಂದ ಹೊರಗೆ ನೋಡಿದಳು. ಕೌದಿ ಮಡಿಲಲ್ಲೇ ಇತ್ತು, ಮುದುಕಿ ಕತ್ತು ಚಾಚಿ ಓಣಿಯ ಆ ತುದಿ ಈ ತುದಿ ನೋಡುತ್ತಿದ್ದಳು.

'ಕೂಗಿ ಹೇಳ್ತೀನಿ' ಎಂದು ನಾನು ಎದ್ದೆ. 'ಕೂಗಬ್ಯಾಡ್ರಿ. ಕೂಗಿ ಹೇಳಿದ್ರ ಆಕಿ ನೋಡಿದಂಗ ಆಗತೈತೇನು?' ಎಂದಳು ಅನಸವ್ವ. ಅಡಿಗೆ ಮನೆಗೆ ಹೋಗಿ ಡಬ್ಬಿಯಿಂದ ಎರಡು ಬೊಗಸೆ ಜೋಳದ ಹಿಟ್ಟು ತಂದಳು. ಒಂದು ಬೊಗಸೆ ನನ್ನ ತಲೆಯ ಮೇಲೆ ಸುರಿದಳು, ಇನ್ನೊಂದನ್ನು ಭುಜಕ್ಕೆ, ಎದೆಗೆ, ಹೊಸ ನೀಲಿ ಅಂಗಿಯ ತೋಳಿಗೆ ತಟ್ಟಿದಳು. ಹುಬ್ಬಿಗೆ ಬೆರಳಿನಿಂದ ಹಚ್ಚಿದಳು. ನನಗೆ ಸೀನು ಬಂತು. 'ಸೀನಬ್ಯಾಡ್ರಿ, ಉದುರ್ತದ. ಹೋಗ್ರಿ, ಗ್ವಾಡಿ ಮುಂದ ನಿಂದರ್ರಿ' ಎಂದು ಬೆನ್ನು ಹಿಡಿದು ಹೊರಗೆ ದೂಡಿದಳು.

ನಾನು ಹೋಗಿ ಕರಿ ಗೋಡೆಯ ಮುಂದೆ ನಿಂತೆ.

'ಬಂದ್ಯಾ ದೇವಪ್ಪ?' ಎಂದಿತು ಎದುರು ಮನೆ.